ಹಳೇ ಅಕ್ಕಿಗೇ ರೇಟು ಜಾಸ್ತಿ

ಗಂಗಾವತಿಯಲ್ಲಿ ನಮ್ಮ ಮಾಮನಿಗೆ ಒಂದು ರೈಸ್ ಮಿಲ್ಲು ಇದೆ. ನನಗೆ ಬೆಂಗಳೂರಿನ ಕಂಪನಿಯೊಂದು ಕೊಟ್ಟ ಲ್ಯಾಪ್‌ಟಾಪ್ ಇದೆ. ವಾರದಲ್ಲಿ ಐದು ದಿನ ಮನೆಯಿಂದಲೇ ಕೆಲಸ, ಆರನೇ ದಿನ ನಿದ್ದೆ, ಏಳನೇ ದಿನ ಮಾಮನ ಮನೆಯಲ್ಲಿ ಊಟ. ಒಂದು ನವೆಂಬರಿನ ಭಾನುವಾರ ಊಟ ಮುಗಿಸಿ ಸುಮ್ನೆ ಮಲಗಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಲಗಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಮಿಲ್ಲಿನ ಕಡೆ ಹೋದೆ. ಗೇಟಿನ ಪಕ್ಕ ಕಾಟಾ ರೂಮು. ಕಾಟಾ ಅಂದರೆ ವೇ ಬ್ರಿಜ್. ನೆಲ್ಲು ತುಂಬಿದ ಟ್ರ್ಯಾಕ್ಟರ್ ಕಬ್ಬಿಣದ ಹಲಗೆ ಮೇಲೆ ಬಂದು ನಿಂತರೆ, ರೂಮಿನಲ್ಲಿರುವ ಡಬ್ಬಿಯಲ್ಲಿ ಕೆಂಪು ಅಂಕಿಗಳು ಓಡಾಡಿ, ಹಿಂದೆ ಮುಂದೆ ನೋಡಿ, ಕೊನೆಗೊಂದು ಕಡೆ ನಿಲ್ಲುತ್ತವೆ. ಡಬ್ಬಿಯಿಂದ ಕಂಪ್ಯೂಟರಿಗೆ ಒಂದು ವೈರು. ಕಂಪ್ಯೂಟರ್ ಆ ಅಂಕಿಯನ್ನು ಓದಿಕೊಂಡು, ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದು, ಚೀಟಿ ಹೊಡೆಯುತ್ತದೆ. ಇಷ್ಟೇ ಕೆಲಸ. ಇದಕ್ಕೊಂದು ಸಾಫ್ಟ್‌ವೇರ್. ಬರೆದುಕೊಟ್ಟ ಹುಡುಗ ಯಾವುದೋ ಊರಿಗೆ ಹೋಗಿ ಫೋನ್ ನಂಬರ್ ಬದಲಿಸಿದ್ದಾನೆ. ಅವನು ಬಿಟ್ಟುಹೋದ ಆಸ್ತಿ ಒಂದು ಜಾರ್ ಫೈಲು ಅಂದರೆ ಆ ಸಾಫ್ಟ್‌ವೇರೇ, ಒಂದು ಡಿಎಲ್ಎಲ್ ಫೈಲು, ಡೆಸ್ಕ್‌ಟಾಪಿನ ಮೇಲೊಂದು ಐಕಾನು.

ಕಾಟಾದ ಮೇಲೆ ಕೂರುವವರು ಕಾಕಾ. ಮಿಲ್ಲು ಶುರುವಾದಾಗಿನಿಂದ ಗುಮಾಸ್ತರು. ನಾನು ಒಳಗೆ ಹೋದಾಗ ಪರದೆಯ ಮೂಲೆಯಲ್ಲಿ ಕಾಫಿ ಕಪ್ಪಿನ ಚಿತ್ರ ಮೇಲೆದ್ದು ಬಂತು. ಕಾಕಾ ಕಣ್ಣೆತ್ತದೆ ಅದನ್ನು ಒರೆಸಿಹಾಕಿದರು, ಅನ್ನದ ಮೇಲಿನ ನೊಣ ಓಡಿಸಿದ ಹಾಗೆ.

'ಏನ್ ಕಾಕಾ ಅದು?'

'ದಿನಾ ಬರತೈತಿ ತಮ್ಮಾ. ಆಮ್ಯಾಲ ಅಂತೀನಿ, ಹೋಗತೈತಿ.'

ನೋಡಿದೆ. ಜಾವಾ ಅಪ್‌ಡೇಟ್ ಮಾಡಿ ಅನ್ನುವ ಸೂಚನೆ. ಕಾಟಾದ ಸಾಫ್ಟ್‌ವೇರ್ ಓಡುವುದೇ ಜಾವಾ ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಮೇಲೆ. ಇಲ್ಲಿದ್ದದ್ದು ಅದರ ಎಂಟನೇ ವರ್ಶನ್, ಜಾವಾ 8! ಮೊದಲು ಬಿಡುಗಡೆಯಾದದ್ದು 2014ರ ಮಾರ್ಚಿನಲ್ಲಿ. ನನ್ನೊಳಗಿನ ಇಂಜಿನಿಯರ್‌ಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಈ ಮನುಷ್ಯ ಆಮ್ಯಾಲ, ಆಮ್ಯಾಲ ಅಂತ ದೂಡಿಕೊಂಡು ಬಂದಿದ್ದಾರಲ್ಲ! ಕುರ್ಚಿ ಎಳೆದುಕೊಂಡೆ. ಹಳೇದನ್ನು ಕಂಟ್ರೋಲ್ ಪ್ಯಾನಲ್ಲಿಗೆ ಹೋಗಿ ಬೇರುಸಹಿತ ತೆಗೆದೆ. ಜಾವಾ 21 ಹಾಕಿದೆ. ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ವರ್ಶನ್ ಕೇಳಿದೆ. 21 ಅಂತು. ಕಾಕಾನ ಕಡೆ ತಿರುಗಿ ನಕ್ಕೆ.

'ಚೀಟಿ ಬರತೈತಾ ನೋಡು ಒಮ್ಮೆ' ಅಂದರು.

'ಟ್ರ್ಯಾಕ್ಟರ್ ಇಲ್ದ ಏನ್ ನೋಡೂದ್ರಿ? ನಾಳಿ ತಾನ ಬರತೈತಿ.'

ಮರುದಿನ ಬೆಳಿಗ್ಗೆ ಆರೂವರೆಗೆ ಮಾಮನ ಫೋನು. ಮಾಮ ಸಿಟ್ಟಿಗೆದ್ದರೆ ಮೆತ್ತಗೆ ಮಾತಾಡುತ್ತಾರೆ. ಅವತ್ತು ಬಹಳ ಮೆತ್ತಗಿದ್ದರು. 'ಅಳಿಯಾ, ನಾಷ್ಟಾ ಇಲ್ಲೇ ಮಾಡಿಯಂತ, ಬಾ.'

ನವೆಂಬರ್ ಅಂದರೆ ನಮ್ಮ ಕಡೆ ನೆಲ್ಲಿನ ಸುಗ್ಗಿ. ಗೇಟಿನಿಂದ ಹೊರಗೆ ರೋಡಿನವರೆಗೂ ಟ್ರ್ಯಾಕ್ಟರ್ ಸಾಲು. ಎಣಿಸಿದೆ, 14. ಹಿಂದೆ ಇನ್ನೂ ಬರುತ್ತಿದ್ದವು. ಡ್ರೈವರ್‌ಗಳು ಇಳಿದು ಬೀಡಿ ಹಚ್ಚಿಕೊಂಡು ಕಾಟಾ ರೂಮಿನ ಕಿಟಕಿಗೆ ಮುಖ ಇಟ್ಟಿದ್ದರು. ಐಕಾನ್ ಒತ್ತಿದರೆ ಒಂದು ಕಪ್ಪು ಕಿಟಕಿ ಮಿಂಚಿನ ಹಾಗೆ ಬಂದು ಮಾಯವಾಗುತ್ತಿತ್ತು. ಕಾಕಾ ಅದನ್ನು ಮುಂಜಾನೆಯಿಂದ ನಲವತ್ತು ಸಲ ಒತ್ತಿದ್ದರಂತೆ.

ಕಮಾಂಡ್ ಪ್ರಾಂಪ್ಟಿನಿಂದ ಓಡಿಸಿ ನೋಡಿದೆ. ಜಾಕ್ಸ್‌ಬಿ ಸಿಗುತ್ತಿಲ್ಲ ಅಂತ ಬೈಯ್ದುಕೊಂಡು ನಿಂತಿತು. ಎಕ್ಸ್‌ಎಂಎಲ್ ಫೈಲುಗಳನ್ನು ಓದಿ ಬರೆಯುವ ಸಾಮಾನು ಅದು. ಜಾವಾ 8ರ ತನಕ ಅದು ಜಾವಾದ ಜೊತೆಗೇ ಬರುತ್ತಿತ್ತು, 2018ರ ಜಾವಾ 11ರಲ್ಲಿ ಕಿತ್ತು ಹೊರಗಿಟ್ಟರು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ಆಫೀಸಿನಲ್ಲಿ ಇದೇ ವಿಷಯಕ್ಕೆ ಎರಡು ವಾರ ಒದ್ದಾಡಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲೇ 8, 11, 17 ಮೂರೂ ಇವೆ. ಎಸ್‌ಡಿಕೆಮ್ಯಾನ್ ಅನ್ನುವ ಉಪಕರಣ ಇಟ್ಟುಕೊಂಡು, ಈ ಕಿಟಕಿಗೆ 8, ಆ ಕಿಟಕಿಗೆ 17 ಅಂತ ಒಂದೊಂದು ಸಾಲಿನಲ್ಲಿ ಬದಲಾಯಿಸುತ್ತೇನೆ. ಆಫೀಸಿನ 8ನ್ನು ಮುಟ್ಟು ಅಂದರೆ ಕೈ ನಡುಗುತ್ತದೆ. ಮಾಮನ ಮಿಲ್ಲು ನೋಡಿ, ಧೈರ್ಯ ಜಾಸ್ತಿ.

'ಏನಾಗೇತಿ?' ಅಂದರು ಮಾಮ.

'ಹಳೇ ಜಾವಾ ತಗದು ಹೊಸಾದು ಹಾಕೀನ್ರಿ. ಹೊಸಾದರಾಗ ಇದು ನಡ್ಯಾಂಗಿಲ್ಲ.'

ಮಾಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. 'ನಮ್ಮ ಧಂದೆದಾಗ ಹಳೇ ಅಕ್ಕಿಗೇ ರೇಟು ಜಾಸ್ತಿ. ಹೊಸಾ ಅಕ್ಕಿ ಅನ್ನ ಮುದ್ದಿ ಆಗತೈತಿ. ಇಷ್ಟು ವರ್ಷ ನಮ್ಮನಿ ಅನ್ನ ಉಂಡೀಯಲ್ಲ, ಗೊತ್ತಾಗಲಿಲ್ಲೇನು?'

ಬೀಡಿ ಸೇದುತ್ತಿದ್ದವರೆಲ್ಲ ನಕ್ಕರು.

ತಪ್ಪನ್ನು ಜಾವಾದ ಮೇಲೆ ಹಾಕಲು ನೋಡಿದೆ. ನೀರು ಬಿಟ್ಟರೆ ನಮ್ಮ ಕಡೆ ವರ್ಷಕ್ಕೆ ಎರಡು ಬೆಳೆ ನೆಲ್ಲು ಬರುತ್ತದಲ್ಲ, 2018ರಿಂದ ಜಾವಾಕ್ಕೂ ಹಾಗೇ, ಮಾರ್ಚಿಗೊಂದು, ಸೆಪ್ಟೆಂಬರಿಗೊಂದು. ಮೊದಲು ಹೀಗಿರಲಿಲ್ಲ. ಜಾವಾ 6 ಬಂದದ್ದು 2006ರ ಡಿಸೆಂಬರಿನಲ್ಲಿ, 7 ಬಂದದ್ದು 2011ರ ಜುಲೈನಲ್ಲಿ. ನಡುವೆ ನಾಲ್ಕೂವರೆ ವರ್ಷ ಬರಗಾಲ. ಈಗ ಬೆಳೆ ಹೆಚ್ಚು, ಆದರೆ ಬಹಳ ವರ್ಷ ಆರೈಕೆ ಸಿಗುವುದು 8, 11, 17, 21 ಇಂಥ ಕೆಲವಕ್ಕೆ ಮಾತ್ರ. ಇದನ್ನೆಲ್ಲ ಹೇಳುತ್ತಿದ್ದೆ. ಮಾಮ 'ಹೂಂ, ಹೂಂ' ಅನ್ನುತ್ತಾ ಕಿಟಕಿಯಿಂದ ಸಾಲು ಎಣಿಸುತ್ತಿದ್ದರು.

ಇತ್ತ ಕಾಕಾ ಡ್ರಾಯರ್ ತೆಗೆದರು. ಹಳೇ ಚೀಟಿ ಬುಕ್ಕು, ಕಾರ್ಬನ್ ಕಾಗದ, ಒಂದು ಬಾಲ್ ಪೆನ್ನು. ಕೆಂಪು ಅಂಕಿಯ ಡಬ್ಬಿಗೆ ಏನೂ ಆಗಿರಲಿಲ್ಲ ನೋಡಿ, ಅದಕ್ಕೆ ಜಾವಾದ ಹಂಗಿಲ್ಲ. 'ಬರ್ರಿ, ಮೊದಲ್ನೇ ಗಾಡಿ ಬರ್ರಿ' ಅಂದರು. ಟ್ರ್ಯಾಕ್ಟರ್ ಬಂದು ನಿಂತಿತು, ಕಾಕಾ ಬರೆದರು, ಚೀಟಿ ಹರಿದು ಕೊಟ್ಟರು. ಎರಡು ನಿಮಿಷ. ಬಂದ್ ಆಗಿದ್ದ ಮಿಲ್ಲು ಮತ್ತೆ ಶುರು. ಅಂದರೆ ಇನ್ನು ಮೇಲೆ ಆ ರೂಮಿನಲ್ಲಿ ನಿಂತುಹೋಗಿದ್ದವನು ನಾನೊಬ್ಬನೇ.

ಹಳೇ ಜಾವಾ ಹುಡುಕಲು ಹೊರಟೆ. ಹೊಸದು ಬೇಕಾದರೆ ಒಂದು ಕ್ಲಿಕ್ಕು. ಹಳೇದನ್ನು ಕೇಳಿದರೆ ಒಂದು ಕಡೆ ಖಾತೆ ತೆರೆ ಅಂದರು. ಹೆಸರು, ವಿಳಾಸ, ಕಂಪನಿ, ನಿಮ್ಮ ಹುದ್ದೆ ಏನು? ಆ ಹೊತ್ತಿನಲ್ಲಿ ನನ್ನ ಹುದ್ದೆ ಏನು ಅಂತ ನನಗೇ ಖಾತ್ರಿ ಇರಲಿಲ್ಲ.

ಮಾಮ ಹಿಂದಿನಿಂದ ಬಗ್ಗಿ ನೋಡಿದರು. 'ಹಳೇ ಮಾಲು ಗೋಡೌನ್‌ನ್ಯಾಗಿಟ್ಟು ಕೀಲಿ ಹಾಕ್ಯಾರಲೇ. ವ್ಯಾಪಾರ ಗೊತ್ತದ ಮಂದಿ!' ಮೊದಲ ಸಲ ಅವರಿಗೆ ಜಾವಾದ ಮೇಲೆ ಗೌರವ ಹುಟ್ಟಿತು.

ಇನ್ನೊಂದು ಬಾಗಿಲಿದೆ. ಟೆಮುರಿನ್ ಅನ್ನುವ ಹೆಸರಿನಲ್ಲಿ ಎಕ್ಲಿಪ್ಸ್ ಅನ್ನುವ ಸಾಫ್ಟ್‌ವೇರ್ ಬಳಗದವರು 8ರಂಥ ಹಳೇ ವರ್ಶನ್‌ಗಳನ್ನೂ ಹೊಸವನ್ನೂ ಕಟ್ಟಿ ಪುಕ್ಕಟೆ ಇಟ್ಟಿದ್ದಾರೆ, ಖಾತೆ ಗೀತೆ ಕೇಳುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಡೌನ್‌ಲೋಡಿಗೆ ಹಚ್ಚಿದೆ. ಅಷ್ಟರಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಬಂತು. ಮಿರ್ಚಿ ಬಿಸಿ ಇತ್ತು, ಡೌನ್‌ಲೋಡ್ ತಣ್ಣಗಿತ್ತು. ಮಿರ್ಚಿಯೇ ಮೊದಲು ಮುಗಿಯಿತು.

ಜಿಪ್ ಬಿಚ್ಚಿದೆ. ಜಾವಾ ಎಲ್ಲಿದೆ ಅಂತ ಹೇಳುವ ಜಾವಾ ಹೋಮ್ ಅನ್ನುವ ವೇರಿಯಬಲ್ಲಿಗೆ ಹೊಸ ವಿಳಾಸ, ಅಂದರೆ ಹಳೇ ಜಾವಾದ ಹೊಸ ವಿಳಾಸ, ಕೊಟ್ಟೆ. ವರ್ಶನ್ ಕೇಳಿದೆ. 21. ಹೌದಲ್ಲ, ಬರೀ ಜಾವಾ ಅಂತ ಕರೆದರೆ ವಿಂಡೋಸ್ ಜಾವಾ ಹೋಮ್ ನೋಡುವುದೇ ಇಲ್ಲ. ಪಾತ್ ಅಂತ ವಿಳಾಸಗಳ ಒಂದು ಸಾಲು ಇದೆ, ಆ ಸಾಲಿನಲ್ಲಿ ಮೊದಲು ನಿಂತ ಜಾವಾಕ್ಕೇ ಕೆಲಸ, ಕಾಟಾದ ಮುಂದೆ ಮೊದಲು ನಿಂತ ಟ್ರ್ಯಾಕ್ಟರಿನ ಹಾಗೆ. ಪಾತ್ ತಿದ್ದಿದೆ. 21. ಇಲ್ಲಿ ಇನ್ನೊಂದು ಮಜಾ: ಪಾತ್ ಎರಡಿವೆ, ಇಡೀ ಯಂತ್ರದ್ದೊಂದು, ಬಳಸುವವನದ್ದೊಂದು. ಯಂತ್ರದ್ದು ಯಾವಾಗಲೂ ಮುಂದೆ. ನಾನು ತಿದ್ದಿದ್ದು ಬಳಸುವವನದ್ದು, ಅಂದರೆ ಸಾಲಿನ ಬಾಲಕ್ಕೆ ಹೋಗಿ ನಿಂತಿದ್ದೆ. ಯಂತ್ರದ ಪಾತನ್ನೇ ತಿದ್ದಿ 8ನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಕೇಳಿದೆ. 21.

ನಿಜ ಹೇಳುತ್ತೇನೆ, ಆಗ ನಾನು ಕೀಬೋರ್ಡಿಗೆ ಹೊಡೆದೆ. ಕಾಲು ಗಂಟೆ ಅದೇ ಕಪ್ಪು ಕಿಟಕಿಯಲ್ಲಿ ಕೇಳಿದ್ದನ್ನೇ ಕೇಳಿದೆ. ಅದು 21, 21 ಅಂತಲೇ ಇತ್ತು. ತೆರೆದಿಟ್ಟ ಕಿಟಕಿಗೆ ಹೊರಗಿನ ಬದಲಾವಣೆ ತಿಳಿಯುವುದಿಲ್ಲ, ಮುಚ್ಚಿ ಮತ್ತೆ ತೆರೆಯಬೇಕು ಅಂತ ನಾನೇ ಎಷ್ಟು ಜೂನಿಯರ್ ಹುಡುಗರಿಗೆ ಬೈದಿದ್ದೇನೋ. ಮುಚ್ಚಿದೆ, ತೆರೆದೆ, ಕೇಳಿದೆ. 1.8 ಅಂತ ಬಂತು.

'ಎಂಟು ಬೇಕು ಅಂದಿ. ಇದು ಒಂದು ಪಾಯಿಂಟ್ ಎಂಟು ಐತಿ' ಅಂದರು ಮಾಮ. ತೂಕದ ವ್ಯಾಪಾರ ಮಾಡುವವರಿಗೆ ಪಾಯಿಂಟು ಚುಚ್ಚುತ್ತದೆ.

'ಎರಡೂ ಒಂದ ರಿ ಮಾಮಾ. ಮೊದಲು ಹಂಗ ಬರೀತಿದ್ರು, 9ರಿಂದ ಮುಂದ ಒಂದು ಪಾಯಿಂಟ್ ತಗದಾರ.'

'ಎಂಟು ಕ್ವಿಂಟಾಲಿಗೆ ಒಂದು ಪಾಯಿಂಟ್ ಎಂಟು ಬರದ್ರ ರೈತ ನನ್ನ ಬಿಡ್ತಾನೇನು?'

ಉತ್ತರ ಕೊಡದೆ ಐಕಾನ್ ಒತ್ತಿದೆ. ಈ ಸಲ ಕಿಟಕಿ ಬಂತು! ಕಾಟಾದ ಚಿತ್ರವೂ ಬಂತು! ಮರುಕ್ಷಣ ಒಂದು ಸಂದೇಶ: 32 ಬಿಟ್‌ನ ಡಿಎಲ್ಎಲ್ಲನ್ನು ಎಎಂಡಿ 64 ಬಿಟ್ ವೇದಿಕೆಯಲ್ಲಿ ತೆರೆಯಲಾಗದು. ಕಂಪ್ಯೂಟರಿನ ಮೈಮೇಲೆ ಇಂಟೆಲ್ ಅಂತ ಸ್ಟಿಕ್ಕರ್ ಇದೆ. 64 ಬಿಟ್ಟಿನ ಆ ಪದ್ಧತಿಯನ್ನು ಮೊದಲು ತಂದವರು ಎಎಂಡಿ, ಆಮೇಲೆ ಇಂಟೆಲ್ ಚಿಪ್ಪಿಗೂ ಅದೇ ಹೆಸರು ಅಂಟಿಕೊಂಡಿತು. ಇದನ್ನು ಮಾಮನಿಗೆ ಹೇಳುವ ಧೈರ್ಯ ಬರಲಿಲ್ಲ.

ಡಿಎಲ್ಎಲ್ ಅಂದರೆ ಇಲ್ಲಿ ಡಬ್ಬಿಯ ವೈರಿನಿಂದ ತೂಕ ಎತ್ತಿಕೊಳ್ಳುವ ತುಂಡು. ಆ ಹುಡುಗ ಹಾಕಿದ್ದು 32 ಬಿಟ್ಟಿನದು. ಅದಕ್ಕೆ ಜಾವಾನೂ 32 ಬಿಟ್ಟಿನದೇ ಬೇಕು, ನಾನು ಇಳಿಸಿದ್ದು 64 ಬಿಟ್ಟಿನದು. ವರ್ಶನ್ ಸರಿ ಇದ್ದರೆ ಸಾಲದು, ಗೋತ್ರವೂ ಕೂಡಬೇಕು. ನಾನು ಭಾನುವಾರ ಬೇರುಸಹಿತ ಕಿತ್ತೆಸೆದದ್ದು ಸರಿಯಾಗಿ ಅದನ್ನೇ. ನೋಡಿಯೂ ಇರಲಿಲ್ಲ.

'ಇನ್ನೊಂದು ಇಳಿಸ್ಕೋಬೇಕ್ರಿ' ಅಂದೆ, ನೆಲ ನೋಡುತ್ತಾ.

'ತಿಳೀತು ಬಿಡು' ಅಂದರು ಮಾಮ. 'ಡ್ಯಾಮಿನ 19ನೇ ಗೇಟು ಹೋದಾಗ ಏನ್ ಮಾಡಿದ್ರು? ಹೊಸಾ ಡ್ಯಾಮು ಕಟ್ಟಿದ್ರೇನು? ಆ ಸಂದಿಗೆ ಕೂಡೂ ಅಂಥಾದ್ದು ಮಾಡಿಸಿ ಇಳಿಸಿದ್ರು. ನೀನೂ ಸಂದಿ ಅಳತಿ ತಗೊಂಡು ತರಬೇಕಿಲ್ಲೇನು?'

2024ರ ಆಗಸ್ಟಿನಲ್ಲಿ ಚೈನು ಹರಿದು ತುಂಗಭದ್ರಾ ಡ್ಯಾಮಿನ ಆ ಗೇಟು ಕೊಚ್ಚಿಹೋದಾಗ, ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸುವ ತನಕ ನಮ್ಮೂರಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. 33 ಗೇಟಿನಲ್ಲಿ ಒಂದು. ನನ್ನ ಕೆಲಸವನ್ನು ಅದಕ್ಕೆ ಹೋಲಿಸಿದ್ದು ದೊಡ್ಡ ಮಾತು ಅಂದುಕೊಂಡೆ. ಆಮೇಲೆ ಹೊಳೆಯಿತು, ನನ್ನನ್ನು ಹೋಲಿಸಿದ್ದು ರಿಪೇರಿ ಮಾಡಿದವರಿಗಲ್ಲ, ಹರಿದ ಚೈನಿಗೆ.

32 ಬಿಟ್ಟಿನ ಜಾವಾ 8 ಇಳಿಯಿತು. ಈ ಸಲ ಪಾತು, ಹೋಮು ಯಾವುದಕ್ಕೂ ಕೈ ಹಚ್ಚಲಿಲ್ಲ. ಕಾಟಾ ಫೋಲ್ಡರಿನ ಒಳಗೇ ಜಾವಾವನ್ನು ಬಿಚ್ಚಿಟ್ಟೆ. ಐಕಾನ್ ಕರೆಯುವ ಬ್ಯಾಚ್ ಫೈಲಿನಲ್ಲಿ ಬರೀ ಜಾವಾ ಅಂತಿದ್ದ ಕಡೆ ಆ ಫೋಲ್ಡರಿನ ಪೂರ್ತಿ ವಿಳಾಸ ಬರೆದೆ. ಇನ್ನು ಹೊರಗೆ ಯಾರು ಯಾವ ಜಾವಾ ಹಾಕಲಿ, ತೆಗೆಯಲಿ, ಕಾಟಾದ ಜಾವಾ ಕಾಟಾದ ಹತ್ತಿರ. ಮೂರು ತಾಸಿನ ಕೆಲಸಕ್ಕೆ ಮೂರು ನಿಮಿಷದ ಮದ್ದು.

ಐಕಾನ್ ಒತ್ತಿದೆ. ಡಬ್ಬಿಯ ಕೆಂಪು ಅಂಕಿ ಪರದೆಯ ಮೇಲೂ ಬಂದು ನಿಂತಿತು. ಪ್ರಿಂಟರ್ ಕರಕರ ಅಂತು. ನಾನು ಚಪ್ಪಾಳೆಗೆ ಕಾದೆ. ಕಾಟಾದ ಮೇಲೆ ಗಾಡಿಯೇ ಇರಲಿಲ್ಲ. ಬಂದ ಚೀಟಿಯಲ್ಲಿ ಸೊನ್ನೆ ಕಿಲೋ. ಸಾಲು ಕರಗಿ ಎಷ್ಟೋ ಹೊತ್ತಾಗಿತ್ತು, ಹಮಾಲರು ಕೂಡ ಚಹಾಕ್ಕೆ ಹೋಗಿದ್ದರು.

'ಆತೇನು ತಮ್ಮಾ?' ಅಂದ ಕಾಕಾ ಚೀಟಿ ಬುಕ್ಕನ್ನು ನನ್ನ ಮುಂದೆ ಇಟ್ಟರು. 'ಹಂಗಾರ ಇವನ್ನ ಅದರಾಗ ಹತ್ತಿಸಿಬಿಡು. 23 ಗಾಡಿ.'

ಕುಳಿತು ಒಂದೊಂದೇ ಹತ್ತಿಸಿದೆ. ಕಾಕಾ ಬರೆಯುವುದು ಕನ್ನಡ ಅಂಕಿಯಲ್ಲಿ, ಅದೂ ಮೋಡಿ ಹೊಡೆದ ಹಾಗೆ, ಅದೂ ಕಾರ್ಬನ್ ಪ್ರತಿ. 17ನೇ ಚೀಟಿಗೆ ಬಂದು ನಿಂತೆ. ಮೊದಲ ಅಂಕಿಯ ಬಾಲ ಎತ್ತ ತಿರುಗಿದೆ ಅಂತ ತಿಳಿಯಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ.

'ಕಾಕಾ, ಇದು ೬ ಏನು, ೯ ಏನು? 6340 ಕಿಲೋನೋ, 9340 ಕಿಲೋನೋ?'

ಕಾಕಾ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. 'ಯಾವ ಕ್ಯಾಂಪಿನ ಗಾಡಿ ಅದು?'

ಹಳ್ಳಿಯ ಹೆಸರು ಹೇಳಿದೆ.

'ಆ ಮನುಷ್ಯ ಟ್ರ್ಯಾಲಿ ಮ್ಯಾಲ ಗೋಪುರ ಕಟ್ಟಿಕೊಂಡ ಬರೋದು. ಒಂಬತ್ತು ಬರಕೋ.'