ಪರ-ವಿರೋಧ: ಐರ್ಲೆಂಡಿನ ಹಳೆಯ ಗೇಟ್ ಲಾಡ್ಜ್‌ಗಳಿಗೆ ಹೊಸ ಕೋಣೆ ಸೇರಿಸಬಹುದಾ?

ಪರ: ಸೇರಿಸಲಿ, ಜನ ಅಲ್ಲಿ ಬಾಳಲಿ

ಐರ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಹೋಗುವಾಗ ಉದ್ದನೆಯ ಕಲ್ಲಿನ ಗೋಡೆ, ದೊಡ್ಡ ಕಬ್ಬಿಣದ ಗೇಟು, ಅದರ ಪಕ್ಕದಲ್ಲೊಂದು ಪುಟ್ಟ ಚಂದದ ಮನೆ ಕಾಣಿಸುತ್ತದೆ. ಅದೇ ಗೇಟ್ ಲಾಡ್ಜ್. ಜಮೀನ್ದಾರರ ಸಾರೋಟು ಬಂದಾಗ ಗೇಟು ತೆಗೆಯುವವರು ಇಲ್ಲಿರುತ್ತಿದ್ದರು. ಹೊರಗೆ ಗ್ರೀಕ್ ಗುಡಿಯಂಥ ಕಂಬಗಳು, ಇಲ್ಲವೇ ಗಾಥಿಕ್ ಕಿಟಕಿ, ಎತ್ತರದ ಚಿಮಣಿ. ಒಳಗೆ ಎಷ್ಟೋ ಕಡೆ ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಅಷ್ಟೇ. ಅಂದವೆಲ್ಲ ಯಜಮಾನರ ಅತಿಥಿಗಳಿಗೆ, ಇಕ್ಕಟ್ಟೆಲ್ಲ ಕೆಲಸದವರಿಗೆ. ಆ ಇಕ್ಕಟ್ಟನ್ನೂ ಪರಂಪರೆ ಅಂತ ಕಾಪಾಡಬೇಕಾ?

ನಾವು ಇಲ್ಲಿಗೆ ಬಂದ ಹೊಸದರಲ್ಲಿ ಇಂಥದ್ದೇ ಒಂದು ಲಾಡ್ಜ್‌ನಲ್ಲಿ ಬಾಡಿಗೆಗಿದ್ದೆವು. ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಮ್ಮ ತೀರ್ಥಹಳ್ಳಿಯಿಂದ ಬಂದರು. ಅವರಿಗೆ ಕೊಡೋಕೆ ಕೋಣೆ ಇರಲಿಲ್ಲ. ಅಡುಗೆಮನೆಯ ಒಲೆ ಮುಂದೆಯೇ ಹಾಸಿಗೆ ಹಾಸಿಕೊಂಡು ಮಲಗಿದರು, ಬೆಳಿಗ್ಗೆ ಅದನ್ನು ಸುತ್ತಿಟ್ಟರೆ ಮಾತ್ರ ನಾವು ಓಡಾಡಬಹುದಿತ್ತು. ಎಣ್ಣೆ ಹಚ್ಚಿ ನನಗೆ ನೀರೆರೆಯೋಕೂ ಜಾಗ ಸಾಲದು ಅಂತ ಅಮ್ಮ ತುಂಬಾ ನೊಂದುಕೊಂಡರು. ಮಗುವಿನ ಬಟ್ಟೆ ಒಣಗುತ್ತಲೇ ಇರಲಿಲ್ಲ. ಹಿಂದುಗಡೆ ಒಂದು ಕೋಣೆ ಹಾಕಿಸಿಕೊಡುತ್ತೇನೆ ಅಂತ ಮಾಲೀಕರು ಅರ್ಜಿ ಕೊಟ್ಟರು. ಸಂರಕ್ಷಿತ ಕಟ್ಟಡ, ಆಗಲ್ಲ ಅಂದರು ಕೌನ್ಸಿಲ್‌ನವರು. ನಾವು ಮನೆ ಬಿಟ್ಟೆವು. ಆಮೇಲೆ ಅಲ್ಲಿಗೆ ಯಾರೂ ಬರಲಿಲ್ಲ, ಈಗ ಮಾಡಿನ ಸ್ಲೇಟುಗಳು ಜಾರಿ ಬಿದ್ದಿವೆ. ಕಾಪಾಡೋದು ಅಂದರೆ ಇದೇನಾ?

ಜನವಿಲ್ಲದ ಲಾಡ್ಜ್ ಉಳಿಯುವುದಿಲ್ಲ. ಲಿಸ್ಮೋರ್ ಹತ್ತಿರ ಬ್ಯಾಲಿಸಾಗರ್ಟ್‌ಮೋರ್‌ನಲ್ಲಿ ಜಮೀನ್ದಾರನೊಬ್ಬ ಗೇಟು, ಗೋಪುರ, ಸೇತುವೆ ಎಲ್ಲ ಮೊದಲು ಕಟ್ಟಿಸಿದ. ದುಡ್ಡು ಮುಗಿದು, ಅಂದುಕೊಂಡ ಅರಮನೆ ಏಳಲೇ ಇಲ್ಲ. ಆ ಗೋಪುರಗಳು ಇವತ್ತು ಕಾಡಿನ ನಡುವೆ ಪಾಳು ಬಿದ್ದಿವೆ. ಇನ್ನು ಬದಲಾಯಿಸಬಾರದು ಅನ್ನೋರು ಡ್ರೊಮಾನಾ ಗೇಟ್ ನೋಡಲಿ. ನಮ್ಮ ಕಡೆಯ ಗುಮ್ಮಟ, ಮಿನಾರುಗಳನ್ನು ಗಾಥಿಕ್ ಕಮಾನಿಗೆ ಬೆರೆಸಿದ ಲಾಡ್ಜ್ ಅದು. 1826ರಲ್ಲಿ ಮದುವೆಯಾದ ಹೆನ್ರಿ ವಿಲಿಯರ್ಸ್-ಸ್ಟುವರ್ಟ್ ದಂಪತಿಯ ಸ್ವಾಗತಕ್ಕೆ ಅಂತ ತಾತ್ಕಾಲಿಕವಾಗಿ ಕಟ್ಟಿದ್ದು. ಅವರಿಗೆ ಇಷ್ಟವಾಗಿ, ಆಮೇಲೆ ಗಟ್ಟಿಯಾಗಿ ಕಟ್ಟಿಸಿದರು. ಅವರು ಬೇಕಾದಾಗ ಬದಲಾಯಿಸಿಕೊಂಡರು ಅಲ್ವಾ? ನಾವು ಮಾತ್ರ ಯಾಕೆ ಮುಟ್ಟಬಾರದು? ಅಂದ ಕೆಡುತ್ತೆ ಅನ್ನೋರೆಲ್ಲ ಈ ಮನೆಗಳನ್ನು ಕಾರಿನ ಕಿಟಕಿಯಿಂದ ನೋಡಿದವರು. ಒಳಗೆ ಒಂದು ಚಳಿಗಾಲ ಕಳೆಯಲಿ, ಆಮೇಲೆ ಮಾತಾಡಲಿ.

ವಿರೋಧ: ಬೇಡ, ಗಾತ್ರವೇ ಅದರ ಅಂದ

ಈ ಪಕ್ಷ ಬರೆಯಲು ನನಗೆ ಹೇಳಿದ್ದಾರೆ. ಖಾಲಿ ಬಿಟ್ಟ ಲಾಡ್ಜ್ ಹಾಳಾಗುತ್ತದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೂ ಕೋಣೆ ಸೇರಿಸುವುದು ಬೇಡ ಅನ್ನುವುದಕ್ಕೆ ಒಂದು ಗಟ್ಟಿ ಕಾರಣವಿದೆ.

ಇವು ಸಣ್ಣದಾಗಿಯೇ ಇರಲಿ ಅಂತ ಅಳತೆ ಹಾಕಿ ಕಟ್ಟಿದ ಮನೆಗಳು. ಎಷ್ಟೋ ಲಾಡ್ಜ್‌ಗಳು ಎಂಟು ಮೂಲೆಯವು, ಕೆಲವು ದುಂಡಗಿನವು. ಅವಕ್ಕೆ ಹಿಂದುಗಡೆ ಅಂತ ಎಲ್ಲಿದೆ? ಗೇಟಿನ ಎರಡು ಬದಿಗೆ ಜೋಡಿಯಾಗಿ ನಿಂತವುಗಳಲ್ಲಿ ಒಂದಕ್ಕೆ ಕೋಣೆ ಹಚ್ಚಿದರೆ ಜೋಡಿಯೇ ಕೆಡುತ್ತದೆ. ಕೋಣೆ ಅಂದರೆ ಬರೀ ಕೋಣೆಯಲ್ಲ, ಅದರ ಹಿಂದೆ ಕಾರು ನಿಲ್ಲಿಸೋ ಜಾಗ, ದೊಡ್ಡ ಗಾಜಿನ ಬಾಗಿಲು ಎಲ್ಲ ಬರುತ್ತವೆ.

ಬೇರೆ ದಾರಿ ಇದೆ. ಆಂಟ್ರಿಮ್ ಕೌಂಟಿಯ ಗ್ಲೆನಾರ್ಮ್ ಕೋಟೆಯ ಗೇಟ್ ಲಾಡ್ಜ್ ಸೇತುವೆಯ ತುದಿಯಲ್ಲೇ ನಿಂತಿರುವ ಕಲ್ಲಿನ ಕಟ್ಟಡ. ಐರಿಶ್ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅದನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತದೆ. ನಾಲ್ಕು ದಿನ ಇದ್ದು ಹೋಗುವ ಇಬ್ಬರಿಗೆ ಇಂಥ ಮನೆ ಧಾರಾಳವಾಯಿತು. ಸಂಸಾರ ದೊಡ್ಡದಿದ್ದರೆ ದೊಡ್ಡ ಮನೆ ಹುಡುಕಿಕೊಳ್ಳಲಿ. ಬಾಡಿಗೆ ಎಷ್ಟಾಗುತ್ತೆ ಅನ್ನೋದು ಬೇರೆ ಚರ್ಚೆ.

ಕಟ್ಟಲೇಬೇಕು ಅಂದರೆ ತೋಟದ ಮೂಲೆಯಲ್ಲಿ ಬೇರೆಯಾಗಿ ಕಟ್ಟಲಿ, ಲಾಡ್ಜ್‌ನ ಗೋಡೆ ಒಡೆಯೋದು ಬೇಡ.