ರಾಗಿಗೆ ಯಾಕೆ ಕೆಂಪು ಚೀಟಿ?

ನಿನ್ನೆ ಅಕ್ಕನ ಮಗಳ ಶಾಲೆಯಲ್ಲಿ ವಸ್ತುಪ್ರದರ್ಶನ ಇತ್ತು. ಒಂದು ಮೇಜಿನ ತುಂಬಾ ತಿಂಡಿ, ಧಾನ್ಯದ ಪ್ಯಾಕೆಟ್‌ಗಳು, ಬಾಟಲಿಗಳು. ಪ್ರತಿಯೊಂದಕ್ಕೂ ಎಷ್ಟು ಲೀಟರ್ ನೀರು ಹೋಗಿದೆ ಅಂತ ಚೀಟಿ. ಟೊಮೆಟೊಗೆ ಕೆಜಿಗೆ 214 ಲೀಟರ್, ಹಸಿರು ಚೀಟಿ. ರಾಗಿಗೆ 4,500 ಲೀಟರ್, ಕೆಂಪು ಚೀಟಿ. ನನಗೆ ಅಲ್ಲೇ ಸಂಕಟವಾಯಿತು.

ಅಂಕಿ ತಪ್ಪಲ್ಲ. ಕಿರುಧಾನ್ಯಗಳ ಜಾಗತಿಕ ಸರಾಸರಿ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಯಾವ ನೀರು? 2002ರಲ್ಲಿ ಈ ಲೆಕ್ಕ ಶುರು ಮಾಡಿದ ನೆದರ್ಲೆಂಡ್ಸ್‌ನ ಆರ್ಯೆನ್ ಹೂಕ್‌ಸ್ಟ್ರಾ ಮತ್ತು ಅವರ ಜೊತೆಗಾರರು ನೀರನ್ನು ಮೂರು ಬಣ್ಣಗಳಲ್ಲಿ ವಿಂಗಡಿಸಿದ್ದಾರೆ. ಮಣ್ಣಿಗಿಳಿದು ಬೆಳೆಗೆ ಸಿಗುವ ಮಳೆನೀರು ಹಸಿರು. ನದಿ, ಕೆರೆ, ಬೋರ್‌ವೆಲ್‌ನಿಂದ ತೆಗೆದದ್ದು ನೀಲಿ. ಗೊಬ್ಬರ, ಔಷಧಿ ಸೇರಿ ಕೆಟ್ಟ ನೀರನ್ನು ತಿಳಿಯಾಗಿಸಲು ಬೇಕಾದದ್ದು ಬೂದು. ಕಿರುಧಾನ್ಯದ ಆ 4,500ರಲ್ಲಿ ಸುಮಾರು 4,300 ಲೀಟರ್ ಮಳೆನೀರೇ! ಇಳುವರಿ ಕಮ್ಮಿ, ಅದಕ್ಕೇ ಕೆಜಿ ಲೆಕ್ಕ ಜಾಸ್ತಿ ಕಾಣುತ್ತದೆ.

ನಮ್ಮ ಕೋಲಾರದ ಕಡೆ ರಾಗಿಗೆ ಯಾರು ನೀರು ಹಾಯಿಸುತ್ತಾರೆ ಹೇಳಿ? ಮುಂಗಾರಲ್ಲಿ ಬಿತ್ತಿ, ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಹಾಕಿ, ಆಕಾಶ ನೋಡುತ್ತಾ ಕೂರುತ್ತೇವೆ. ಟೊಮೆಟೊ ಹಾಗಲ್ಲ. ಅದಕ್ಕೆ ಬೋರ್ ನೀರೇ ಗತಿ.

ಇದನ್ನು ಬರೆಯೋಕೆ ನನಗೆ ಕಷ್ಟವಾಗುತ್ತದೆ. ನಾನು ಓದಿದ್ದೇ ಟೊಮೆಟೊ ದುಡ್ಡಲ್ಲಿ. ಅಪ್ಪ ರಾಗಿ ಬಿಟ್ಟು ಟೊಮೆಟೊ ಹಾಕಿದರು. ಮೊದಲ ಬೋರ್‌ನಲ್ಲಿ 400 ಅಡಿಗೇ ನೀರು ಸಿಕ್ಕಿತ್ತು. ಕೊನೆಯದನ್ನು 1,200 ಅಡಿ ಕೊರೆಸಿದೆವು. ಬರೀ ಧೂಳು ಬಂತು. ಅವತ್ತು ಅಪ್ಪ ಊಟ ಮಾಡಲಿಲ್ಲ. ಆ ಬೆಳೆಗೆ ಹಸಿರು ಚೀಟಿ, ರಾಗಿಗೆ ಕೆಂಪು.

"ಮಕ್ಕಳು ಮಾಡಿದ್ದು ಕಣೋ, ನೀರಿನ ಬಗ್ಗೆ ಯೋಚನೆ ಬಂದರೆ ಸಾಕಲ್ವಾ?" ಅಂದಳು ಅಕ್ಕ. ಸಾಲದು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇಂಥದ್ದೇ ಒಂದು ಅಂಕಿ ನಾಳೆ ಅಂಗಡಿಯ ಪ್ಯಾಕೆಟ್ ಮೇಲೂ ಬಂದರೆ? ಅರ್ಧ ಲೀಟರ್ ಸಿಹಿ ಸೋಡಾಗೆ ಹೂಕ್‌ಸ್ಟ್ರಾ ತಂಡವೇ ಲೆಕ್ಕ ಹಾಕಿದೆ. 169ರಿಂದ 309 ಲೀಟರ್. ಸಕ್ಕರೆ ಯಾವ ಬೆಳೆಯದು, ಯಾವ ನೆಲದ್ದು ಅನ್ನುವುದರ ಮೇಲೆ ಅಷ್ಟು ವ್ಯತ್ಯಾಸ. ಬಾಟಲಿ, ಮುಚ್ಚಳ, ಲೇಬಲ್‌ನ ಪಾಲು ಅದರ ಮುಂದೆ ಚಿಕ್ಕದು. ಊರು ಹೇಳದೆ, ಬಣ್ಣ ಹೇಳದೆ ಬರೀ ಲೀಟರ್ ಹೇಳಿದರೆ ಕೊಳ್ಳುವವರಿಗೆ ಏನು ಗೊತ್ತಾಗಬೇಕು?

ಹೊರಡುವಾಗ ಮಗು ಕೇಳಿತು, "ಮಾಮ, ಚೀಟಿ ಕಿತ್ತು ಹಾಕಲಾ?" ಬೇಡ ಕಂದ, ಕೆಳಗೆ 'ಮಳೆನೀರು' ಅಂತ ಬರಿ ಅಂದೆ. ಬರೆದಳು. ಆಮೇಲೆ ಟೊಮೆಟೊ ಚೀಟಿಯ ಮೇಲೆ ಅವಳೇ ಬರೆದಳು, 'ತಾತನ ಬೋರ್'.