ನಮ್ಮ ಮನೆಯ ಕ್ಯಾಮೆರಾಕ್ಕೆ ಯಜಮಾನರು ಯಾರು?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನನ್ನ ತಾಯಿ ಒಬ್ಬರೇ ಇರುತ್ತಾರೆ. ಅವರಿಗೆ 76 ವರ್ಷ, ನನ್ನ ಕೆಲಸ ಹರಿಹರದಲ್ಲಿ. ಕಳೆದ ಶ್ರಾವಣದಲ್ಲಿ ಹಿತ್ತಲಿನ ನಲ್ಲಿಯ ಹತ್ತಿರ ಜಾರಿ ಬಿದ್ದ ಅವರು, ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಮಹಡಿಗೆ ಬಂದು ನೋಡುವ ತನಕ ಮುಕ್ಕಾಲು ಗಂಟೆ ಆ ಒದ್ದೆ ಕಲ್ಲಿನ ಮೇಲೆಯೇ ಕುಳಿತಿದ್ದರು. ನಾನು ನಾಲ್ಕು ಕ್ಯಾಮೆರಾ ಹಾಕಿಸಿದ್ದು ಕಳ್ಳರ ಭಯಕ್ಕಲ್ಲ, ಹರಿಹರದಿಂದಲೇ ಆಗಾಗ ಅಮ್ಮನನ್ನು ನೋಡಬೇಕೆಂದು. ಇದನ್ನು ಅಂಗಡಿಯವರಿಗೆ ಮೊದಲ ದಿನವೇ ಬಿಡಿಸಿ ಹೇಳಿದ್ದೆ. "ಅಮೆರಿಕಾದಾಗ ಕುಂತು ನೋಡಬೌದು ಸಾರ್, ಹರಿಹರ ಯಾವ ಲೆಕ್ಕ" ಎಂದು ಅವರು ಮಾತು ಕೊಟ್ಟಿದ್ದರು.

ಕ್ಯಾಮೆರಾ ಕೂರಿಸಿದ ಹುಡುಗ ನಮ್ಮ ಹಾಲ್‌ನಲ್ಲಿಯೇ ನಿಂತು, ನನ್ನ ಮೊಬೈಲ್‌ನಲ್ಲಿ ನಾಲ್ಕು ಚೌಕ ತೋರಿಸಿ, ಪೂರ್ತಿ ಹಣ ಎಣಿಸಿಕೊಂಡು ಹೋದ. ಮಾರನೆಯ ದಿನ ಆಫೀಸಿನಲ್ಲಿ ಆಪ್ ತೆರೆದರೆ ನಾಲ್ಕು ಚೌಕವೂ ಕಪ್ಪು, ಮಧ್ಯದಲ್ಲಿ 'ಡಿವೈಸ್ ಆಫ್‌ಲೈನ್' ಎಂಬ ಸಾಲು. ಅವನು ತೋರಿಸಿದ್ದು ಮನೆಯ ವೈಫೈನಲ್ಲಿ ಕಾಣುವ ಚಿತ್ರವಾಗಿತ್ತು. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಒಮ್ಮೆ ನೋಡಿದ್ದರೆ ಒಂದೇ ನಿಮಿಷದಲ್ಲಿ ಸತ್ಯ ತಿಳಿಯುತ್ತಿತ್ತು. ಆ ಒಂದು ನಿಮಿಷವನ್ನು ಅವನು ಕೊಡಲಿಲ್ಲ.

ಎರಡನೆಯ ಸಲ ಬಂದವನು 192.168.1.1 ಎಂಬ ರೂಟರ್‌ನ ಸೆಟ್ಟಿಂಗ್ ಪುಟ ತೆರೆದು, ಹೊರಗಿನಿಂದ ಕ್ಯಾಮೆರಾಕ್ಕೆ ದಾರಿ ಬಿಡುವ ಪೋರ್ಟ್ ಫಾರ್ವರ್ಡಿಂಗ್ ಮಾಡಿ, "ಆತು ನೋಡ್ರಿ ಸಾರ್" ಎಂದು ಮತ್ತೆ ವೈಫೈನಲ್ಲೇ ತೋರಿಸಿ ಹೋದ. ಹರಿಹರದಲ್ಲಿ ಮತ್ತೆ ಕಪ್ಪು ಚೌಕ. ಅಂಗಡಿಯವರು ತಪ್ಪು ನೆಟ್‌ನವರದೆಂದರು, ನೆಟ್‌ನವರು ಲೈನ್ ಸರಿಯಿದೆ, ತಪ್ಪು ಕ್ಯಾಮೆರಾದವರದೆಂದರು. ಕೊನೆಗೆ ಕಾರಣ ಹೇಳಿದ್ದು ಹಣ ಪಡೆದ ಈ ಇಬ್ಬರಲ್ಲ, ನನ್ನ ಸಹೋದ್ಯೋಗಿ. ಅವರ ಮಾತಿನಂತೆ ರೂಟರ್‌ನ ಸ್ಟೇಟಸ್ ಪುಟ ನೋಡಿದೆ. ಅಲ್ಲಿದ್ದ ಐಪಿ ವಿಳಾಸ, ಅಂದರೆ ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ, 100.72ರಿಂದ ಆರಂಭವಾಗುತ್ತಿತ್ತು, ಹೊರಗಿನ ಜಾಲತಾಣಕ್ಕೆ ಕಾಣುತ್ತಿದ್ದ ನಮ್ಮ ವಿಳಾಸವೇ ಬೇರೆಯಾಗಿತ್ತು. ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವುದು ಸುಮಾರು 430 ಕೋಟಿ ಐಪಿ ವಿಳಾಸಗಳು ಮಾತ್ರ. ಅವು ಸಾಲದೆ ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ, 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಈ ಕೆಲಸಕ್ಕೆಂದೇ ಮೀಸಲಿಡಲಾಗಿದೆ. ಹಿಂದಿನ ವಠಾರಗಳಲ್ಲಿ ಹತ್ತಾರು ಮನೆಗಳಿಗೆ ಬೀದಿಯ ಕಡೆ ಒಂದೇ ಬಾಗಿಲು ಇರುತ್ತಿತ್ತಲ್ಲ, ಹಾಗೆ. ಬೀದಿಬಾಗಿಲು ಕಂಪನಿಯ ಕೈಯಲ್ಲಿರುವಾಗ ನಮ್ಮ ಮನೆಯೊಳಗಿನ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ಹೆಚ್ಚು ಹಣ ಕೊಟ್ಟು ನಮ್ಮ ಮನೆಗೇ ಮೀಸಲಾದ, ಬದಲಾಗದ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ ಪಡೆಯಬೇಕು, ಇಲ್ಲವೇ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್ ತಾನಾಗಿ ತಯಾರಕರ ಸರ್ವರ್‌ಗೆ ಸಂಪರ್ಕ ಬೆಳೆಸುವ ಕ್ಲೌಡ್ ವ್ಯವಸ್ಥೆಯನ್ನು ಬಳಸಬೇಕು. ದಿನಬೆಳಗಾದರೆ ಇದೇ ಕೆಲಸ ಮಾಡುವವರಿಗೆ ಇಷ್ಟು ತಿಳಿದಿರಬೇಡವೇ?

ಇದೆಲ್ಲವನ್ನೂ ಸಹಿಸಬಹುದಿತ್ತು. ನನ್ನ ರಕ್ತ ಕುದಿದದ್ದು ಮೂರನೆಯ ಭೇಟಿಯಲ್ಲಿ. ಡಿವಿಆರ್‌ನ ಅಡಿಯಲ್ಲಿದ್ದ ಕ್ಯೂಆರ್ ಕೋಡನ್ನು ಅವನು ತನ್ನ ಮೊಬೈಲ್‌ನಿಂದ ಸ್ಕ್ಯಾನ್ ಮಾಡಿ, ತನ್ನ ಖಾತೆಗೆ ಸೇರಿಸಿಕೊಂಡು, ಆಮೇಲೆ ನನಗೆ 'ಶೇರ್' ಮಾಡಿದ. ಇಂತಹ ಆಪ್‌ಗಳಲ್ಲಿ ಮೊದಲು ಯಾರ ಖಾತೆಗೆ ಸೇರುತ್ತದೆಯೋ ಅವರೇ ಯಜಮಾನರು, ಉಳಿದವರು ಅವರ ಅನುಮತಿಯಿಂದ ನೋಡುವವರು. ನಾನು ಹಣ ಕೊಟ್ಟು ಕೊಂಡ ಕ್ಯಾಮೆರಾದಲ್ಲಿ ನನ್ನ ತಾಯಿಯನ್ನು ನೋಡಲು ನನಗೆ ಅಪರಿಚಿತನೊಬ್ಬನ ಅನುಮತಿ ಬೇಕಾಯಿತು. ನಾನು ಗಾಬರಿಯಾಗಿದ್ದನ್ನು ಕಂಡು, "ಎಲ್ರಿಗೂ ಹಿಂಗೇ ಮಾಡದು ಸಾರ್, ಸರ್ವೀಸಿಗೆ ಅನುಕೂಲ" ಎಂದು ಧೈರ್ಯ ಹೇಳುವವನಂತೆ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಮನೆಗಳ ಉದ್ದನೆಯ ಪಟ್ಟಿಯಿತ್ತು. 'ಹದಡಿ ರೋಡ್ ಮೇಷ್ಟ್ರು' ಎಂಬ ಸಾಲನ್ನು ಅವನು ಒತ್ತಿದ ಕೂಡಲೇ ಒಂದು ಹಾಲ್ ತೆರೆದುಕೊಂಡಿತು. ಸೋಫಾದ ಕೆಳಗೆ ಕುಳಿತ ಹಿರಿಯ ಹೆಂಗಸೊಬ್ಬರು ಮೊರದಲ್ಲಿ ಅವರೆಕಾಳು ಸುಲಿಯುತ್ತಿದ್ದರು. ನಾನು ಮುಖ ತಿರುಗಿಸಿದೆ.

ನಮ್ಮ ಡಿವಿಆರ್ ಅನ್ನು ತನ್ನ ಖಾತೆಯಿಂದ ತೆಗೆಯಲು ಅವನು ಒಂಬತ್ತು ದಿನ ಸತಾಯಿಸಿದ. ಅಡ್ಮಿನ್ ಪಾಸ್‌ವರ್ಡ್ ಕೂಡ ಕಾರ್ಖಾನೆಯಿಂದ ಬಂದದ್ದೇ ಆಗಿತ್ತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳೊಳಗೆ ನುಗ್ಗಿದ್ದು ಇಂತಹ ಪಾಸ್‌ವರ್ಡ್‌ಗಳ ಒಂದು ಪುಟ್ಟ ಪಟ್ಟಿಯನ್ನು ಹಿಡಿದುಕೊಂಡೇ. ಈಗ ಪಾಸ್‌ವರ್ಡ್ ಬದಲಿಸಿ, ಅವನು ತೆರೆದ ಪೋರ್ಟ್‌ಗಳನ್ನೆಲ್ಲ ಅಳಿಸಿ, ನನ್ನದೇ ಖಾತೆಗೆ ಸೇರಿಸಿಕೊಂಡಿದ್ದೇನೆ. ಹತ್ತು ನಿಮಿಷದ ಕೆಲಸ; ಅದಕ್ಕೆ ಒಂದು ತಿಂಗಳು ಕಳೆಯಿತು.

ಹದಡಿ ರಸ್ತೆಯ ಮೇಷ್ಟ್ರು ನನಗೆ ಪರಿಚಯದವರೇ. ಭಾನುವಾರ ಅವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರ ಪತ್ನಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ಇಷ್ಟು ದಿನ ಆ ಹುಡುಗಗೂ ಕಾಣ್ತಿತ್ತೇನಪ್ಪ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಒಳಗಿನಿಂದ ಟವೆಲ್ ತಂದು, ಸ್ಟೂಲ್ ಹತ್ತಿ ಹಾಲ್‌ನ ಕ್ಯಾಮೆರಾಕ್ಕೆ ಮುಚ್ಚುವಂತೆ ಮೇಷ್ಟ್ರ ಕೈಗೆ ಕೊಟ್ಟರು.